ಅಗಸಿ ಎಣ್ಣಿ ವಾಸನಿ

ಅಕ್ಕನನ್ನು ನೋಡೋಕೆ ಗಂಡಿನ ಕಡೆಯವರು ಬರ್ತಾರೆ ಅಂತ ಗೊತ್ತಾದ ವಾರ ಅಪ್ಪ ಗದಗಿಗೆ ಹೋಗಿ ಒಂದು ಪ್ಲಾಸ್ಟಿಕ್ ಹಾಸು ತಂದಿದ್ದ. ನಾನಾಗ ಎಂಟನೇ ಕ್ಲಾಸು. ಸುರುಳಿ ಸುತ್ತಿದ್ದ ಅದನ್ನು ಬಸ್ಸಿನ ಮೇಲೆ ಹಾಕ್ಕೊಂಡು ಬಂದಿದ್ದ. ಬಿಚ್ಚಿದರೆ ಕಪ್ಪು-ಬಿಳಿ ಚೌಕ, ಚೌಕದೊಳಗೆ ಅಮೃತಶಿಲೆಯಲ್ಲಿರುವಂಥ ಗೆರೆ. ನಮ್ಮದು ಸಗಣಿ ಸಾರಿಸಿದ ಮಣ್ಣಿನ ನೆಲ. ಅದರ ಮೇಲೆ ಈ ಅಮೃತಶಿಲೆ ಹಾಸಿ, ಮೇಲೆದ್ದು ಬರುತ್ತಿದ್ದ ಮೂಲೆಗಳ ಮೇಲೆ ಟ್ರಂಕು, ಕಾಳಿನ ಚೀಲ ಇಟ್ಟು ಮಟ್ಟಸ ಮಾಡಿದ್ದಾಯ್ತು. ಬಂದವರ ಜೊತೆ ಒಂದು ಸಣ್ಣ ಹುಡುಗ ಇದ್ದ. ಚಹಾ ಕುಡಿಯೋ ಹೊತ್ತಿಗೆ ಅವನು ಒಂದು ಮೂಲೆ ಎತ್ತಿ, "ಇದರ ಕೆಳಗ ಸಗಣಿ ಐತಿ" ಅಂದುಬಿಟ್ಟ.

ಆ ಸಂಬಂಧ ಕೂಡಲಿಲ್ಲ. ಕಾರಣ ಬೇರೆಯೇ ಇತ್ತು, ಕೊಡೋ ತಗೊಳ್ಳೋ ಮಾತು. ಆದರೆ ಅಪ್ಪ ಮಾತ್ರ ಆ ಮೂಲೆಯೇ ಕಾರಣ ಅಂತ ನಂಬಿದ. ಮರುವರ್ಷ ಸಾಲ ಮಾಡಿ ಮನೆಗೆಲ್ಲ ಪರಸಿ ಕಲ್ಲು ಹಾಕಿಸಿದ. ಆ ಸಾಲ ತೀರಿದ್ದು ನನಗೆ ಕೆಲಸ ಸಿಕ್ಕ ಮೇಲೆ.

ಇದೆಲ್ಲ ಈಗ ನೆನಪಾಗೋಕೆ ಕಾರಣ ಇದೆ. ನನ್ನ ಹೆಂಡತಿಗೆ ನಮ್ಮ ಫ್ಲಾಟಿನ ವಿಟ್ರಿಫೈಡ್ ಟೈಲ್ಸ್ ನೋಡಿ ನೋಡಿ ಬೇಜಾರು. ಕ್ಯಾನ್ವಾಸಿಗೆ ಕೈಯಿಂದಲೇ ಬಣ್ಣ ಹಚ್ಚಿ ನೆಲಕ್ಕೆ ಹಾಸೋದನ್ನ ಎಲ್ಲೋ ನೋಡಿ, "ನಾವೂ ಒಂದು ಮಾಡೋಣ ರೀ" ಅಂದಳು. ನಾನು ಇಂಜಿನಿಯರ್ ತಾನೇ, ಮೊದಲು ಇದು ಹೇಗೆ ಕೆಲಸ ಮಾಡುತ್ತೆ ಅಂತ ಓದೋಕೆ ಕೂತೆ. ಓದ್ತಾ ಓದ್ತಾ ಮುನ್ನೂರು ವರ್ಷ ಹಿಂದಕ್ಕೆ ಹೋದೆ. ಅಲ್ಲಿ ನಮ್ಮಪ್ಪನ ಹಾಸೇ ಸಿಕ್ಕಿತು!

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಇದಕ್ಕೆ ಫ್ಲೋರ್‌ಕ್ಲಾತ್ ಅಂತಿದ್ದರು. ದಪ್ಪ ಕ್ಯಾನ್ವಾಸಿನ ಮೇಲೆ ಪದರ ಪದರವಾಗಿ ಎಣ್ಣೆ ಬಣ್ಣ, ಅದರ ಮೇಲೆ ಚಿತ್ತಾರ. ಅತಿ ಹೆಚ್ಚು ಬೇಡಿಕೆ ಇದ್ದ ಚಿತ್ತಾರ ಯಾವುದು ಗೊತ್ತಾ? ಕಪ್ಪು-ಬಿಳಿ ಅಮೃತಶಿಲೆಯ ಚೌಕ. ನಿಜವಾದ ಅಮೃತಶಿಲೆ ಶ್ರೀಮಂತರಿಗೆ ಮಾತ್ರ ಎಟುಕೋದು. ಮೇಲಿನ ಅಂತಸ್ತಿನ ಮರದ ನೆಲ ಅದರ ಭಾರ ತಡೆಯೋದೂ ಕಷ್ಟ. ಬಟ್ಟೆಯ ಮೇಲೆ ಬರೆದ ಅಮೃತಶಿಲೆಗೆ ಈ ಎರಡೂ ತಾಪತ್ರಯ ಇಲ್ಲ. 1739ರಲ್ಲಿ ಜಾನ್ ಕಾರ್ವಿದಮ್ ಅನ್ನೋ ಕೆತ್ತನೆಗಾರ ನೆಲದ ವಿನ್ಯಾಸಗಳ ಪುಸ್ತಕವೊಂದನ್ನು ತಂದ. ಅದರ ಉದ್ದನೆಯ ಹೆಸರಿನಲ್ಲೇ, ಈ ವಿನ್ಯಾಸಗಳನ್ನು ಕಲ್ಲಿನಲ್ಲಾದರೂ ಮಾಡಿಸಿ, ಬಣ್ಣದ ಬಟ್ಟೆಯಲ್ಲಾದರೂ ಮಾಡಿಸಿ ಅಂತ ಇದೆ. ಅಸಲಿಗೂ ನಕಲಿಗೂ ಒಂದೇ ಕ್ಯಾಟಲಾಗು.

ಇದು ಬಡವರ ಸಾಮಾನು ಅಂದುಕೊಂಡರೆ ತಪ್ಪು. ನ್ಯೂಯಾರ್ಕ್, ಮ್ಯಾಸಚುಸೆಟ್ಸ್ ವಸಾಹತುಗಳ ಗವರ್ನರ್ ಆಗಿದ್ದ ವಿಲಿಯಂ ಬರ್ನೆಟ್ 1729ರಲ್ಲಿ ತೀರಿಕೊಂಡಾಗ ಮಾಡಿದ ಆಸ್ತಿಪಟ್ಟಿಯಲ್ಲಿ ಮೇಜಿನ ಕೆಳಗೆ ಹಾಸುವ ಎರಡು ಹಳೇ ಚೌಕಳಿ ಕ್ಯಾನ್ವಾಸುಗಳಿವೆ. ಅಮೆರಿಕದ ಅಧ್ಯಕ್ಷ ಜೆಫರ್ಸನ್ 1809ರಲ್ಲಿ ಅಧಿಕಾರ ಬಿಡುವಾಗ ಅಧ್ಯಕ್ಷ ಭವನದ ಸಾಮಾನುಗಳ ಪಟ್ಟಿ ಮಾಡಿದರು. ಅದರಲ್ಲೂ ಹಸಿರು ಬಣ್ಣ ಹಚ್ಚಿದ ಒಂದು ಕ್ಯಾನ್ವಾಸ್ ಹಾಸು ಇದೆ. ಒಳ್ಳೆಯ ಮರದ ನೆಲಕ್ಕೆ ಊಟದ ಜಿಡ್ಡು ಬೀಳದಿರಲಿ ಅಂತ ಇಂಥ ಹಾಸು ಹಾಕ್ತಿದ್ದರು. ಅಂದರೆ ಕೆಲವರು ಕೆಟ್ಟ ನೆಲ ಮುಚ್ಚೋಕೆ ಹಾಸಿದರು, ಕೆಲವರು ಒಳ್ಳೇ ನೆಲ ಉಳಿಸೋಕೆ.

ಮೊದಮೊದಲು ಎಲ್ಲ ಕೈಯಿಂದಲೇ ಬರೀತಿದ್ದರು, ಇಲ್ಲಾಂದ್ರೆ ಅಚ್ಚಿನ ಹಾಳೆ ಇಟ್ಟು ತುಂಬ್ತಿದ್ದರು. 1763ರಲ್ಲಿ ನೇಥನ್ ಸ್ಮಿತ್ ಎಂಬಾತ ಇದಕ್ಕೊಂದು ಪೇಟೆಂಟ್ ತಗೊಂಡ. ಅವನ ಕಾರ್ಖಾನೆ ಇದ್ದದ್ದು ಲಂಡನ್ನಿನ ನೈಟ್ಸ್‌ಬ್ರಿಜ್‌ನಲ್ಲಿ. ಆಮೇಲೆ ಮರದ ಅಚ್ಚುಗಳು ಬಂದವು, ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. ಕಾರ್ಖಾನೆಯ ಒಳಗಿನ ಕೆಲಸ ಓದೋವಾಗ ನನಗೆ ಮಜಾ ಬಂದದ್ದು ಇಲ್ಲಿ. ಜೋಡಣೆ ಇಲ್ಲದಂತೆ ಆರೇಳು ಗಜ ಅಗಲಕ್ಕೆ ನೇಯ್ದ ಕ್ಯಾನ್ವಾಸನ್ನು ಎರಡು-ಮೂರು ಅಂತಸ್ತು ಎತ್ತರದ ಚೌಕಟ್ಟಿಗೆ ಬಿಗಿದು ನಿಲ್ಲಿಸ್ತಿದ್ದರು. ಕೆಲಸಗಾರರು ಅಟ್ಟಣಿಗೆ ಮೇಲೆ ನಿಂತು ಮೊದಲು ತೆಳ್ಳನೆ ಅಂಟು ಬಳೀತಿದ್ದರು. ಯಾಕಂದರೆ ಎಣ್ಣೆ ನೇರವಾಗಿ ನೂಲಿಗೆ ಇಳಿದರೆ ಬಟ್ಟೆ ಕಾಲಕ್ರಮೇಣ ಕೊಳೆತ ಹಾಗೆ ಹರಿಯುತ್ತೆ. ಆಮೇಲೆ ಪ್ಯೂಮಿಸ್ ಕಲ್ಲಿನಿಂದ ಉಜ್ಜೋದು, ದಪ್ಪ ಬಣ್ಣವನ್ನು ಕರಣಿಯಿಂದ ಮೆತ್ತೋದು, ಒಣಗಿಸೋದು, ಮತ್ತೆ ಉಜ್ಜೋದು, ಮತ್ತೆ ಮೆತ್ತೋದು. ಹಿಂದೆ ಮುಂದೆ ಎರಡೂ ಕಡೆ. ಒಂದು ಹಾಸು ಮುಗಿಯೋಕೆ ತಿಂಗಳುಗಟ್ಟಲೆ ಬೇಕು. ಬಣ್ಣದಲ್ಲಿ ಸೀಸ ಬೇರೆ ಇರ್ತಿತ್ತು. ಹೊಟ್ಟೆನೋವು, ಕೈ ಸೋತುಹೋಗೋದು ಆ ಕಾಲದ ಪೇಂಟರುಗಳಿಗೆ ಕಸುಬಿನ ಜೊತೆಗೇ ಬರ್ತಿದ್ದ ಕಾಯಿಲೆಗಳು.

ಇಷ್ಟೊಂದು ಸಮಯ ಹಿಡಿಸ್ತಿದ್ದದ್ದು ಎಣ್ಣೆ. ಅದು ನೀರಿನ ಹಾಗೆ ಆವಿಯಾಗಿ ಒಣಗೋದಲ್ಲ, ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ಅಣು ಅಣುವಿಗೆ ಕೊಂಡಿ ಬೆಸೆದು ಗಟ್ಟಿಯಾಗುತ್ತೆ. ಹಾಗೆ ಬೆಸೆಯೋವಾಗ ಬಿಸಿ ಹುಟ್ಟುತ್ತೆ. ಈ ಎಣ್ಣೆ ಒರೆಸಿದ ಚಿಂದಿ ಬಟ್ಟೆಯನ್ನು ಉಂಡೆ ಕಟ್ಟಿ ಬಿಸಾಕಿದರೆ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. (ಮನೇಲಿ ಪ್ರಯತ್ನ ಮಾಡೋರು ದಯವಿಟ್ಟು ಗಮನಿಸಿ, ಚಿಂದಿಯನ್ನ ನೀರಲ್ಲಿ ನೆನೆಸಿಡಿ.)

ಎಣ್ಣೆ ಯಾವುದು ಅಂದರೆ ಲಿನ್ಸೀಡ್. ನಮ್ಮ ಕಡೆಯ ಅಗಸಿ! ಅವ್ವ ಹುರಿದು ಕುಟ್ಟಿ ರೊಟ್ಟಿ ಜೊತೆ ಹಚ್ಚಿಕೊಡ್ತಿದ್ದ ಅಗಸಿ ಹಿಂಡಿಯ ಅಗಸಿ. ಈಗ ಬೆಂಗಳೂರಿನ ಸೂಪರ್ ಮಾರ್ಕೆಟ್‌ನಲ್ಲಿ ಫ್ಲ್ಯಾಕ್ಸ್ ಸೀಡ್ ಅಂತ ಹೆಸರು ಬದಲಿಸಿಕೊಂಡು ಬಾದಾಮಿ ಪಕ್ಕ ಕೂತಿದೆಯಲ್ಲ, ಅದೇ. ಯುರೋಪಿನವರು ಈ ಗಿಡವನ್ನು ನಾರಿಗಾಗಿ ಬೆಳೆದು ಲಿನನ್ ನೇಯ್ದರು, ನಾವು ಕಾಳಿಗಾಗಿ ಬೆಳೆದೆವು. ಕೆಳಗಿನ ಬಟ್ಟೆ ಲಿನನ್ ಆಗಿದ್ದರೆ ಬಟ್ಟೆಯೂ ಮೇಲಿನ ಬಣ್ಣದ ಎಣ್ಣೆಯೂ ಒಂದೇ ಗಿಡದ್ದು.

ಇಲ್ಲಿಂದ ಕಥೆ ಸ್ಕಾಟ್ಲೆಂಡಿಗೆ ಹೋಗುತ್ತೆ. ಕರ್ಕಾಡಿ ಎಂಬ ಬಂದರು ಊರಿನಲ್ಲಿ ಮೈಕೇಲ್ ನೇರ್ನ್ ಅನ್ನೋ ಕ್ಯಾನ್ವಾಸ್ ವ್ಯಾಪಾರಿ ಇದ್ದ. ಹಡಗಿನ ಹಾಯಿಗೆ ಬಟ್ಟೆ ಮಾಡ್ತಿದ್ದವನು, ದಕ್ಷಿಣದ ಫ್ಲೋರ್‌ಕ್ಲಾತ್ ಕಾರ್ಖಾನೆಗಳಿಗೂ ಕ್ಯಾನ್ವಾಸ್ ಮಾರ್ತಿದ್ದ. ಬಟ್ಟೆ ನಂದು, ಲಾಭ ಅವರದ್ದು ಯಾಕೆ ಅಂತ ಅನ್ನಿಸಿರಬೇಕು. 1847ರಲ್ಲಿ ತಾನೇ ದೊಡ್ಡ ಕಾರ್ಖಾನೆ ಕಟ್ಟಿಸಿದ. ಊರವರು ಅದಕ್ಕೆ 'ನೇರ್ನನ ಹುಚ್ಚಾಟ' ಅಂತ ಹೆಸರಿಟ್ಟರು. ಹುಚ್ಚಾಟ ಫಲಿಸಿತು. ಮುಂದೆ ರೈಲಿನಲ್ಲಿ ಬರೋರಿಗೆ ಎಣ್ಣೆ ವಾಸನೆಯಿಂದಲೇ ಕರ್ಕಾಡಿ ಬಂತು ಅಂತ ಗೊತ್ತಾಗ್ತಿತ್ತು.

ಇತ್ತ ಇಂಗ್ಲೆಂಡಿನಲ್ಲಿ ಫ್ರೆಡರಿಕ್ ವಾಲ್ಟನ್ ಬಣ್ಣದ ಡಬ್ಬಿಯ ಮೇಲೆ ಕಟ್ಟಿದ್ದ ಎಣ್ಣೆಯ ಕೆನೆಯನ್ನು ಗಮನಿಸಿದ. ರಬ್ಬರಿನ ಹಾಗಿದ್ದ ಆ ಕೆನೆಗೆ ಕಾರ್ಕಿನ ಪುಡಿ ಬೆರೆಸಿ ಬಟ್ಟೆಯ ಮೇಲೆ ಒತ್ತಿದ. 1863ರಲ್ಲಿ ಪೇಟೆಂಟ್. ಲ್ಯಾಟಿನ್ನಿನಲ್ಲಿ ಅಗಸೆಗೆ ಲಿನುಮ್, ಎಣ್ಣೆಗೆ ಓಲಿಯಮ್. ಎರಡನ್ನೂ ಕೂಡಿಸಿ ಲಿನೋಲಿಯಂ ಅಂದ. ಪೇಟೆಂಟ್ ಅವಧಿ ಮುಗಿದ ಕೂಡಲೇ ನೇರ್ನ್ ಕಂಪನಿಯೂ ಲಿನೋಲಿಯಂ ಮಾಡಿ, ಅದೇ ಹೆಸರಲ್ಲಿ ಮಾರೋಕೆ ಶುರುಮಾಡಿತು. ವಾಲ್ಟನ್ನನ ಕಂಪನಿ ಕೋರ್ಟಿಗೆ ಹೋಯಿತು. 1878ರಲ್ಲಿ ಕೇಸು ಸೋತಿತು. ಲಿನೋಲಿಯಂ ಅನ್ನೋದು ಈಗ ಆ ವಸ್ತುವಿನ ಹೆಸರೇ ಆಗಿದೆ, ಯಾರೊಬ್ಬರ ಸ್ವತ್ತೂ ಅಲ್ಲ ಅಂತ ತೀರ್ಪು. ನಮ್ಮೂರಲ್ಲಿ ಯಾವ ಮೆಷಿನ್ನಿಂದ ತೆಗೆದರೂ ಝೆರಾಕ್ಸೇ ಅಲ್ಲವೇ, ಹಾಗೆ.

ಲಿನೋಲಿಯಂ ಬಂದ ಮೇಲೆ ಬಣ್ಣದ ಕ್ಯಾನ್ವಾಸಿನ ಕಾಲ ನಿಧಾನಕ್ಕೆ ಮುಗಿಯಿತು. ಅದರ ಅಡಿಗೆ ಹಾಕ್ತಿದ್ದ ಸೆಣಬು ಬಂಗಾಳದ್ದು, ಡಂಡೀ ಊರಿನ ಗಿರಣಿಗಳಿಗೆ ಹಡಗಲ್ಲಿ ಹೋಗ್ತಿತ್ತು. ಬ್ರಿಟನ್ನಿಗೆ ಅಗಸಿ ಕಳಿಸ್ತಿದ್ದ ದೇಶಗಳಲ್ಲಿ ಭಾರತವೂ ದೊಡ್ಡದೇ, ಕಲ್ಕತ್ತಾ ಮತ್ತು ಬಾಂಬೆ ಬಂದರಿನಿಂದ. ಅಲ್ಲಿಯ ಮಧ್ಯಮವರ್ಗದ ನೆಲ ಹೊಳೆಯೋಕೆ ಇಲ್ಲಿಯ ರೈತರ ಕಾಳು ಬೇಕಾಯ್ತು. ಆ ರೈತರ ಮನೆಯ ನೆಲಕ್ಕೆ ಸಗಣಿಯೇ. ಇದನ್ನು ಓದಿದ ರಾತ್ರಿ ಅಪ್ಪನ ಸಾಲದ ಲೆಕ್ಕದ ಚೀಟಿಗಳು ಕಣ್ಣ ಮುಂದೆ ಬಂದವು. ಇಪ್ಪತ್ತನೇ ಶತಮಾನದಲ್ಲಿ ಲಿನೋಲಿಯಮ್ಮನ್ನೂ ಪ್ಲಾಸ್ಟಿಕ್ ಹಾಸು ಹಿಂದೆ ತಳ್ಳಿತು. ಅದರ ಮೇಲಿದ್ದದ್ದೂ ಅದೇ ಕಾರ್ವಿದಮ್ ಕಾಲದ ಕಪ್ಪು-ಬಿಳಿ ಚೌಕ, ಗದಗಿನ ಅಂಗಡಿ ತಲುಪೋವರೆಗೂ.

ಹಳೇ ಫ್ಲೋರ್‌ಕ್ಲಾತ್‌ಗಳು ಈಗ ಹೆಚ್ಚು ಉಳಿದಿಲ್ಲ. ಹಾಲಿನಲ್ಲಿ ಸವೆದ ಮೇಲೆ ಕತ್ತರಿಸಿ ಅಡುಗೆಮನೆಗೆ, ಅಲ್ಲೂ ಸವೆದರೆ ಆಳುಗಳ ಕೋಣೆಗೆ, ಆಮೇಲೆ ಕಸಕ್ಕೆ. ಆ ಕಾಲದ ಮನೆವಾರ್ತೆಯ ಪುಸ್ತಕಗಳಲ್ಲಿ ಇದನ್ನು ಸೋಪು, ಬಿಸಿನೀರು ಹಾಕಿ ತಿಕ್ಕಬೇಡಿ, ಹಾಲಲ್ಲಿ ಒರೆಸಿ ಅಂತ ಹೇಳಿದ್ದಾರೆ. ಅವ್ವನಿಗೆ ಹೇಳಿದೆ. "ಹಾಲಾ? ನಾವ ಸಗಣಿ ಹಚ್ಚತಿದ್ವಿ, ಅವರು ಹಾಲು. ಎಲ್ಲಾ ಆಕಳದ್ದ ಬಿಡ" ಅಂದಳು.

ನಮ್ಮ ಹಾಸಿನ ವಿಷಯಕ್ಕೆ ಬರ್ತೀನಿ. ನಾಲ್ಕಡಿ-ಆರಡಿ ಕ್ಯಾನ್ವಾಸ್, ಹಾರ್ಡ್‌ವೇರ್ ಅಂಗಡಿಯ ಲಿನ್ಸೀಡ್ ಎಣ್ಣೆ, ಬಣ್ಣ. ಮೊದಲ ಪದರ ಒಣಗೋಕೆ ಮುಂಚೆ ಎರಡನೇದು ಬಳಿದೆ. ವೀಕೆಂಡಿನೊಳಗೆ ಮುಗಿಸಬೇಕಿತ್ತಲ್ಲ! ಮೇಲಿನದು ಚರ್ಮದ ಹಾಗೆ ಬಿಗಿದುಕೊಂಡಿತು, ಕೆಳಗಿನದು ಹಸಿಯಾಗೇ ಉಳೀತು, ಇಡೀ ಮೈ ಸುಕ್ಕು. ಕಾಲಿಟ್ಟರೆ ಅಂಟು. ಎಲ್ಲ ಕೆರೆದು ಮತ್ತೆ ಶುರು ಮಾಡಿ, ಬಾಲ್ಕನಿಯಲ್ಲಿ ಒಂದೂವರೆ ತಿಂಗಳು ನೇತುಹಾಕಿದ್ವಿ. ಬಟ್ಟೆ ಒಣಹಾಕೋಕೆ ಜಾಗ ಇಲ್ಲ ಅಂತ ದಿನಾ ಜಗಳ.

ಅವ್ವ ಊರಿಂದ ಬಂದಾಗ ಅದು ಹಾಲಿನಲ್ಲಿತ್ತು. ಬಾಗಿಲಲ್ಲೇ ನಿಂತು, "ಏನೋ ತಮ್ಮಾ, ಅಗಸಿ ಎಣ್ಣಿ ವಾಸನಿ ಬರಾಕತ್ತೇತಿ" ಅಂದಳು. ಹಾಸಿನ ಹತ್ತಿರ ಬಂದು ನೋಡಿದಳು. ನಾವು ಬರೆದದ್ದೂ ಕಪ್ಪು-ಬಿಳಿ ಚೌಕವೇ.

"ಇದು ನಿಮ್ಮಪ್ಪ ತಂದದ್ದರಂಗ ಐತಲ್ಲ."

ಹೌದು ಅಂದೆ.

ಬಗ್ಗಿ ಒಂದು ಮೂಲೆ ಎತ್ತಿ ಕೆಳಗಿನ ಟೈಲ್ಸ್ ನೋಡಿದಳು. "ನೆಲ ಇಷ್ಟ ಚೊಲೋ ಐತಿ. ಮುಚ್ಚಿದ್ಯಾಕ?"

ನಾನು ಏನು ಹೇಳಬೇಕು ಅಂತ ಯೋಚಿಸೋ ಅಷ್ಟರಲ್ಲಿ ಅವಳು ಅದರ ಮೇಲೇ ಕೂತು ಚೀಲದಿಂದ ಮೆಂತ್ಯ ಪಲ್ಯೆದ ಕಟ್ಟು ತೆಗೆದು ಸೋಸೋಕೆ ಶುರು ಮಾಡಿದ್ದಳು.