ಪುಸ್ತಕದ ವರಸೆ, ಕತ್ತಿಯ ಸಾಣೆ

1793ರಿಂದ 95ರವರೆಗೆ ಫ್ಲಾಂಡರ್ಸ್‌ನಲ್ಲಿ ಫ್ರೆಂಚರ ವಿರುದ್ಧ ಕಾದಿದ ಬ್ರಿಟಿಷ್ ಕುದುರೆ ಸವಾರರ ಕತ್ತಿವರಸೆ ನೋಡಿ, ಅವರ ಜೊತೆಗಿದ್ದ ಆಸ್ಟ್ರಿಯಾದ ಅಧಿಕಾರಿಯೊಬ್ಬ "ಸೌದೆ ಸೀಳುವವರ ನೆನಪಾಗುತ್ತದೆ" ಎಂಬರ್ಥದ ಮಾತಾಡಿದನಂತೆ. ಅದು ಜಾನ್ ಗ್ಯಾಸ್ಪರ್ಡ್ ಲೆ ಮಾರ್ಶಾಂ ಎಂಬ ತರುಣ ಅಧಿಕಾರಿಗೆ ನಾಟಿತು. ಅವಮಾನವೊಂದೇ ಆಗಿದ್ದರೆ ಮರೆಯಬಹುದಿತ್ತು. ಆದರೆ ಗಡಿಬಿಡಿಯಲ್ಲಿ ಕತ್ತಿ ಬೀಸಿದ ಸವಾರರು ತಮ್ಮನ್ನೂ ತಮ್ಮ ಕುದುರೆಗಳನ್ನೂ ಗಾಯಗೊಳಿಸಿಕೊಳ್ಳುತ್ತಿದ್ದುದನ್ನು ಅವನು ಕಣ್ಣಾರೆ ಕಂಡಿದ್ದ.

ಮರಳಿ ಬಂದವನು ಎರಡು ಕೆಲಸ ಮಾಡಿದ. ಬರ್ಮಿಂಗ್‌ಹ್ಯಾಮ್‌ನ ಕತ್ತಿ ತಯಾರಕ ಹೆನ್ರಿ ಆಸ್ಬಾರ್ನ್ ಜೊತೆಗೂಡಿ ಹೊಸ ಸೇಬರ್ ಒಂದನ್ನು ರೂಪಿಸಿದ: ಬಾಗಿದ, ತುದಿಯತ್ತ ಅಗಲವಾಗುವ, ಕಡಿಯಲಿಕ್ಕೆಂದೇ ಹುಟ್ಟಿದ ಅಲಗು. ಜೊತೆಗೆ ಅದನ್ನು ಬಳಸುವ ವಿಧಾನದ ಪುಸ್ತಕ ಬರೆದ. 1796ರಲ್ಲಿ ಸೈನ್ಯ ಎರಡನ್ನೂ ಒಪ್ಪಿಕೊಂಡಿತು.

ಆ ಪುಸ್ತಕದ ತಿರುಳು ಸರಳ. ಎದುರಿಗೊಂದು ವೃತ್ತ, ಅದರಲ್ಲಿ ಗೆರೆಗಳು. ಗೆರೆಗೊಂದರಂತೆ ಆರು ಹೊಡೆತಗಳು, ಒಂದೊಂದಕ್ಕೂ ಒಂದು ಸಂಖ್ಯೆ. ಮೊಣಕೈ ಮಡಚಿದರೆ ಮುಂಗೈ ಶತ್ರುವಿಗೆ ಸಿಗುತ್ತದೆ, ಆದ್ದರಿಂದ ಬಲವೆಲ್ಲ ಮಣಿಕಟ್ಟಿನಿಂದ ಮತ್ತು ಭುಜದಿಂದ ಬರಬೇಕು. ಮೊದಲು ನೆಲದ ಮೇಲೆ ನಿಂತು ಅಭ್ಯಾಸ, ಅನಂತರ ಕುದುರೆಯ ಮೇಲೆ. ನಮ್ಮ ಗರಡಿಗಳಲ್ಲಿ ಉಸ್ತಾದರು ಕೈಹಿಡಿದು ತಿದ್ದುವ ವಿದ್ಯೆಯನ್ನು ಇಲ್ಲಿ ಗೆರೆ ಮತ್ತು ಅಂಕಿಗಳಿಗೆ ಇಳಿಸಲಾಗಿತ್ತು. ಇದನ್ನು ಕಂಡು ನಗಬಹುದು, ಆದರೆ ಬೇರೆ ದಾರಿ ಏನಿತ್ತು? ಸಿರಿವಂತರ ಮಕ್ಕಳಿಗೆ ಲಂಡನ್ನಿನಲ್ಲಿ ಏಂಜೆಲೋ ಮನೆತನದ ಕತ್ತಿವರಸೆ ಶಾಲೆಯಿತ್ತು. ಹಳ್ಳಿಯಿಂದ ಬಂದು ಸೈನ್ಯ ಸೇರಿದ ಹುಡುಗನಿಗೆ ಯಾವ ಗುರುವಿದ್ದ? ಸಾವಿರಾರು ಜನರಿಗೆ ಒಂದೇ ಪಾಠ ಮುಟ್ಟಿಸಲು ಅಚ್ಚಾದ ಹಾಳೆಯೇ ಬೇಕಿತ್ತು. ಲೆ ಮಾರ್ಶಾಂನ ಹೆಚ್ಚುಗಾರಿಕೆ ಅದೇ ಎಂದು ನನ್ನ ಎಣಿಕೆ. 1812ರ ಸಲಮಾಂಕಾ ಕದನದಲ್ಲಿ ತನ್ನ ಅಶ್ವದಳದ ಮುಂದೆ ನಿಂತು ನುಗ್ಗಿದ ಅವನು ಸತ್ತದ್ದು ಮಾತ್ರ ಬಂದೂಕಿನ ಗುಂಡಿನಿಂದ.

ಈಗ ಅರ್ಧ ಶತಮಾನ ದಾಟಿ ದಖ್ಖನ್ನಿಗೆ ಬರೋಣ. ಲೂಯಿ ನೋಲನ್ ಎಂಬ ಅಧಿಕಾರಿ 15ನೆಯ ಹುಸಾರ್ಸ್ ಪಡೆಯವನು, ಬೆಂಗಳೂರಿನ ದಂಡಿನಲ್ಲೂ ಮದ್ರಾಸಿನಲ್ಲೂ ಇದ್ದವನು. ನಿಜಾಮನ ಸವಾರರ ಒಂದು ಪಡೆ ಸಂಖ್ಯೆಯಲ್ಲಿ ತನಗಿಂತ ಬಹಳ ದೊಡ್ಡದಾದ ರೋಹಿಲರ ಗುಂಪನ್ನು ಸೋಲಿಸಿದಾಗ, ವೈದ್ಯರ ವರದಿ ಅವನ ಗಮನ ಸೆಳೆಯಿತು. ಒಂದೇ ಏಟಿಗೆ ಕೈಗಳು ಹೋಗಿದ್ದವು, ತಲೆಗಳು ಹೋಗಿದ್ದವು. ಇದೆಂಥ ಕತ್ತಿಯಪ್ಪಾ ಎಂದು ವಿಚಾರಿಸಿದರೆ ಬೆರಗು ಕಾದಿತ್ತು: ಅವು ಬ್ರಿಟಿಷ್ ಸೈನ್ಯವೇ ಬೇಡವೆಂದು ಬಿಸಾಕಿದ ಹಳೆಯ ಅಗಲ ಅಲಗುಗಳು! ಲೆ ಮಾರ್ಶಾಂನ ಮಾದರಿಯವೇ ಇರಬೇಕೆಂದು ಊಹಿಸಲು ಅಡ್ಡಿಯಿಲ್ಲ.

ಹಾಗಾದರೆ ಬದಲಾದದ್ದೇನು? ಸವಾರರು ಅವುಗಳಿಗೆ ತಮ್ಮ ಪದ್ಧತಿಯ, ಸ್ವಲ್ಪ ಚಪ್ಪಟೆಯಾದ ಚಿಕ್ಕ ಹಿಡಿ ಕೂಡಿಸಿದ್ದರು. ಹಿಡಿ ದುಂಡಗಿದ್ದರೆ ಅಂಗೈಯಲ್ಲಿ ಹೊರಳುತ್ತದೆ, ಆಗ ಅಂಚಿನ ಬದಲು ಅಲಗಿನ ಮಗ್ಗುಲು ತಗಲುತ್ತದೆ. ಬುಡದಿಂದ ತುದಿಯವರೆಗೆ ಕ್ಷೌರದ ಕತ್ತಿಯಂತೆ ಸಾಣೆ ಹಿಡಿದಿದ್ದರು. ಒರೆ ಮಾತ್ರ ಮರದ್ದು, ಕಾಳಗಕ್ಕಲ್ಲದೆ ಕತ್ತಿ ಒರೆಯಿಂದ ಹೊರಬರುತ್ತಿರಲಿಲ್ಲ. ಬ್ರಿಟಿಷರ ಒರೆ ಉಕ್ಕಿನದು. ಕವಾಯತಿನಲ್ಲಿ ದಿನವೂ ಎಳೆದು ಸೇರಿಸಿ, ಎಳೆದು ಸೇರಿಸಿ, ಅಂಚು ಮೊಂಡಾಗಿರುತ್ತಿತ್ತು. ಮರದ ಒರೆ ದಂಡಯಾತ್ರೆಗೆ ಬಾಳದು ಎಂಬ ಆಕ್ಷೇಪ ಬರಬಹುದೆಂದು ನೋಲನ್ ಲೆಕ್ಕವನ್ನೂ ತರಿಸಿದ. ಮುರಿದ ಒರೆಗಳ ಪ್ರಮಾಣ ನಿಜಾಮನ ಸವಾರರಲ್ಲೇ ಕಡಿಮೆಯಿತ್ತು.

ಇಷ್ಟಾದರೂ ಪುಸ್ತಕದ ಕಾಲದ ಮನುಷ್ಯನಲ್ಲವೇ! ಹುಡುಗರಿಗೆ ಈ ಹೊಡೆತವನ್ನು ಹೇಗೆ ಕಲಿಸುತ್ತೀರಿ ಎಂದು ಒಬ್ಬ ಮುದುಕ ಸವಾರನನ್ನು ಕೇಳಿದ. ಕಲಿಸುವುದೇನೂ ಇಲ್ಲ, ಹರಿತವಾದ ಕತ್ತಿ ಯಾರ ಕೈಯಲ್ಲಾದರೂ ಕಡಿಯುತ್ತದೆ ಎಂದು ಬಂತು ಉತ್ತರ. ಮುದುಕನ ಮಾತು ಪೂರ್ತಿ ನಿಜವಲ್ಲ. ಬಾಲ್ಯದಿಂದ ಕುದುರೆ, ಕತ್ತಿಗಳ ನಡುವೆ ಬೆಳೆದವನಿಗೆ ತಾನು ಕಲಿತದ್ದೇ ಗೊತ್ತಾಗುವುದಿಲ್ಲ. ಆದರೂ ಕತ್ತಿಯನ್ನು ಮೊಂಡಾಗಲು ಬಿಟ್ಟು ವರಸೆಯನ್ನಷ್ಟೇ ತಿದ್ದುತ್ತಿದ್ದವರಿಗೆ ತಕ್ಕ ಉತ್ತರವದು. ನೋಲನ್ ಇದನ್ನೆಲ್ಲ 1853ರ ತನ್ನ ಅಶ್ವದಳದ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಬರೆದ. ಮರುವರ್ಷ ಬಾಲಕ್ಲಾವಾದಲ್ಲಿ ಫಿರಂಗಿಯ ಸಿಡಿಚೂರು ತಗಲಿ ಸತ್ತ.

ಅದೇ 1853ರಲ್ಲಿ ಇನ್ನೊಂದು ಪುಸ್ತಕ ಬಂತು. ಬರೆದವನು ಬೊಂಬಾಯಿ ಸೈನ್ಯದ ರಿಚರ್ಡ್ ಬರ್ಟನ್, ಮುಂದೆ ಅರೇಬಿಯನ್ ನೈಟ್ಸ್ ಅನುವಾದಿಸಿ ಹೆಸರಾದವನೇ. ಬಂದೂಕಿನ ಮೂತಿಗೆ ಬಯೋನೆಟ್ ಸಿಕ್ಕಿಸಿದರೆ ಅದು ಭರ್ಜಿಯಾಗುತ್ತದೆ. ಭರ್ಜಿಗೂ ತಡೆಯುವ, ತಿವಿಯುವ ಶಾಸ್ತ್ರವಿರಬೇಕು ಎಂಬುದು ಅವನ ವಾದ. ಮೊದಲು ಮೂಗುಮುರಿದ ಸರ್ಕಾರ ಕೊನೆಗೆ ಆ ಪದ್ಧತಿಯನ್ನು ಸ್ವೀಕರಿಸಿ, ಸಂಭಾವನೆಯೆಂದು ಒಂದು ಶಿಲಿಂಗ್ ಮಂಜೂರು ಮಾಡಿತಂತೆ. ಬರ್ಟನ್ ಅದನ್ನು ತಂದು ಎದುರಾದ ಭಿಕ್ಷುಕನ ಕೈಗಿಟ್ಟ ಎಂದು ಅವನ ಹೆಂಡತಿ ಇಸಾಬೆಲ್ ಬರೆದಿದ್ದಾಳೆ.

ಬಯೋನೆಟ್ಟಿನ ವಿಷಯದಲ್ಲಿ ಸರ್ಕಾರದ ಜಿಪುಣತನಕ್ಕೆ ಒಂದಿಷ್ಟು ಸಮರ್ಥನೆಯೂ ಉಂಟು. ನೆಪೋಲಿಯನ್ನನ ಶಸ್ತ್ರವೈದ್ಯ ಲಾರೇ, ಎರಡೂ ಪಡೆಗಳು ಮೈಮೇಲೆ ಬಿದ್ದು ಹೋರಾಡಿದ ಒಂದು ಕಾಳಗದ ಗಾಯಗಳನ್ನು ಎಣಿಸಿದಾಗ ಗುಂಡಿನವು 119, ಬಯೋನೆಟ್ಟಿನವು ಬರೀ 5. ಹೊಳೆಯುವ ಸಾಲು ಹತ್ತಿರ ಬರುವ ಮುನ್ನವೇ ಒಂದು ಕಡೆಯವರು ಕಾಲಿಗೆ ಬುದ್ಧಿ ಹೇಳುತ್ತಿದ್ದುದೇ ಹೆಚ್ಚು. ಬಯೋನೆಟ್ ಪುಸ್ತಕಗಳು ಕಲಿಸಿದ್ದು ಇರಿಯುವುದಕ್ಕಿಂತ ಹೆಚ್ಚಾಗಿ ಓಡದೆ ನಿಲ್ಲುವುದನ್ನು ಎಂದು ನನಗನ್ನಿಸುತ್ತದೆ.

ಸೇಬರ್ ಪುಸ್ತಕಗಳ ಸಾಲು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದ ಜಾರ್ಜ್ ಪ್ಯಾಟನ್ ಫ್ರಾನ್ಸಿನ ಸೋಮ್ಯೂರ್‌ನಲ್ಲಿ ಕತ್ತಿವರಸೆ ಕಲಿತು ಬಂದು, ಅಮೆರಿಕದ ಸೈನ್ಯಕ್ಕೆ ತಿವಿಯಲೆಂದೇ ಮಾಡಿದ ನೇರ ಕತ್ತಿ ಕೊಟ್ಟ. ಬಾಗಿದ ಅಲಗು ಹೋಯಿತು, ಸೇಬರ್ ಎಂಬ ಹೆಸರು ಉಳಿಯಿತು. ಅದರ ಅಭ್ಯಾಸದ ಪುಸ್ತಕ ಹೊರಬಿದ್ದದ್ದು 1914ರಲ್ಲಿ, ಯುರೋಪಿನಲ್ಲಿ ಮಷಿನ್‌ಗನ್ನುಗಳು ಮೊದಲಿಟ್ಟ ವರ್ಷದಲ್ಲಿ. 1934ರಲ್ಲಿ ಅಮೆರಿಕದ ಅಶ್ವದಳ ಸೇಬರನ್ನು ಆಯುಧಗಳ ಪಟ್ಟಿಯಿಂದಲೇ ಕೈಬಿಟ್ಟಿತು.