ಬಿಸಿಯ ಜತೆ ಓಟ: ದುಬಾರಿ ಎಲೆಕ್ಟ್ರಿಕ್ ಬೈಕುಗಳ ಮೋಟಾರ್ ಬೆಳೆದ ಬಗೆ

ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸ್ ಎಂದರೆ ಬೈಕ್ ಪ್ರಿಯರ ಎದೆಬಡಿತ ಏರುತ್ತದೆ. ಮನೆಗಳ ಗೋಡೆ, ಕಲ್ಲುಬೇಲಿಗಳ ಮಧ್ಯೆ ಸಾಗುವ ಸುಮಾರು 60 ಕಿ.ಮೀ. ಉದ್ದದ ಸಾರ್ವಜನಿಕ ರಸ್ತೆಯೇ ಅಲ್ಲಿನ ಟ್ರ್ಯಾಕ್. 2009ರ ಜೂನ್‌ನಲ್ಲಿ ಅಲ್ಲಿ ಮೊದಲ ಬಾರಿಗೆ ಹೊಗೆ ಉಗುಳದ ಬೈಕುಗಳಿಗಾಗಿ ಒಂದು ಸುತ್ತಿನ ಸ್ಪರ್ಧೆ ನಡೆಯಿತು. ರಾಬ್ ಬಾರ್ಬರ್ ಓಡಿಸಿದ ‘ಅಗ್ನಿ ಎಕ್ಸ್01’ ಗಂಟೆಗೆ ಸರಾಸರಿ 140 ಕಿ.ಮೀ. ವೇಗದಲ್ಲಿ ಓಡಿ ಗೆದ್ದಿತು. ಅದೇ ವರ್ಷದ ಟಿಟಿಯಲ್ಲಿ ಜಾನ್ ಮೆಕ್‌ಗಿನ್ನೆಸ್ ಪೆಟ್ರೋಲ್ ಬೈಕಿನಲ್ಲಿ ಅದೇ ರಸ್ತೆಯನ್ನು ಸುಮಾರು 211 ಕಿ.ಮೀ. ಸರಾಸರಿಯಲ್ಲಿ ಸುತ್ತಿದ್ದರು. ಅಂತರ ದೊಡ್ಡದೇ. ಆದರೂ ಇವತ್ತಿನ ದುಬಾರಿ ಎಲೆಕ್ಟ್ರಿಕ್ ಬೈಕುಗಳ ಕಥೆಯನ್ನು ಇಲ್ಲಿಂದಲೇ ಶುರು ಮಾಡಬೇಕು.

ಅಗ್ನಿಯ ಮೋಟಾರ್ ಹಿಂದಿದ್ದವರು ಬ್ರಿಟನ್ನಿನ ಸೆಡ್ರಿಕ್ ಲಿಂಚ್. 1979ರಲ್ಲಿ ಬ್ಯಾಟರಿ ವಾಹನಗಳ ಸ್ಪರ್ಧೆಗೆಂದು ಖಾಲಿ ತಗಡಿನ ಡಬ್ಬಿಗಳನ್ನು ಕತ್ತರಿಸಿ, ಆ ತಗಡಿನಿಂದಲೇ ಮೋಟಾರಿನ ತಿರುಳು ಜೋಡಿಸಿದವರು ಅವರು. ಮುಂದೆ ಅರವಿಂದ್ ರಬಾಡಿಯಾ ಜತೆಗೂಡಿ ಅಗ್ನಿ ಮೋಟರ್ಸ್ ಕಟ್ಟಿದರು. ಮೋಟಾರುಗಳು ಗುಜರಾತಿನಲ್ಲಿ ತಯಾರಾದವು. ಮಾಮೂಲಿ ಮೋಟಾರ್ ಉದ್ದನೆಯ ಡ್ರಮ್ಮಿನ ಆಕಾರದ್ದು. ಲಿಂಚ್ ಮಾಡಿದ್ದು ದೋಸೆಕಲ್ಲಿನಂತೆ ಚಪ್ಪಟೆಯಾಗಿ, ಅಗಲವಾಗಿತ್ತು. ಅದರಲ್ಲಿ ಕಾಂತಬಲದ ರೇಖೆಗಳು ಅಚ್ಚಿಗೆ ಸಮಾನಾಂತರವಾಗಿ ಹರಿಯುತ್ತವೆ. ತಿರುಚುಬಲ (ಟಾರ್ಕ್) ಹುಟ್ಟುವುದು ಅಂಚಿನಲ್ಲಿ, ಅಚ್ಚಿನಿಂದ ದೂರದಲ್ಲಿ. ಹಾಗಾಗಿ ಕಡಿಮೆ ತೂಕದಲ್ಲಿ ಹೆಚ್ಚು ಟಾರ್ಕ್ ಸಿಗುತ್ತದೆ. ಇದಕ್ಕೆ ಆಕ್ಸಿಯಲ್ ಫ್ಲಕ್ಸ್ ವಿನ್ಯಾಸ ಎನ್ನುತ್ತಾರೆ. 2009ರ ಆ ಸ್ಪರ್ಧೆಗೆ ಪುಣೆಯಿಂದ ಕಪಿಲ್ ಶೆಲ್ಕೆಯವರ ತಂಡವೂ ಹೋಗಿತ್ತು. ಅದೇ ಶೆಲ್ಕೆ ಕಟ್ಟಿದ ಟಾರ್ಕ್ ಮೋಟರ್ಸ್ 2022ರಲ್ಲಿ ಮಾರುಕಟ್ಟೆಗೆ ತಂದ ಕ್ರೇಟೋಸ್ ಬೈಕಿನಲ್ಲೂ ಆಕ್ಸಿಯಲ್ ಫ್ಲಕ್ಸ್ ಮೋಟಾರೇ ಇದೆ.

ಲಿಂಚ್ ಮೋಟಾರಿಗೆ ಒಂದು ಮಿತಿ ಇತ್ತು. ಕರೆಂಟು ಹರಿಯುವ ತಾಮ್ರ ತಿರುಗುವ ಭಾಗದಲ್ಲಿತ್ತು, ಅದಕ್ಕೆ ವಿದ್ಯುತ್ ಮುಟ್ಟಿಸಲು ಕಾರ್ಬನ್ ಬ್ರಷ್ ಬೇಕಿತ್ತು. ಬ್ರಷ್ ಸವೆಯುತ್ತದೆ, ಕಿಡಿ ಹಾರಿಸುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ತಿರುಗುವ ತಾಮ್ರದಲ್ಲಿ ಹುಟ್ಟಿದ ಬಿಸಿ ಹೊರಗೆ ಬರಲು ಸರಿಯಾದ ದಾರಿಯೇ ಇರಲಿಲ್ಲ. ಟಾರ್ಕ್ ಇಮ್ಮಡಿಯಾಗಬೇಕೆಂದರೆ ಕರೆಂಟು ಸರಿಸುಮಾರು ಇಮ್ಮಡಿಯಾಗಬೇಕು. ಆಗ ತಾಮ್ರದ ಬಿಸಿ ನಾಲ್ಕು ಪಟ್ಟಾಗುತ್ತದೆ. ಬೈಕ್ ಮೋಟಾರಿನ ಇತಿಹಾಸವೆಲ್ಲ ಈ ಒಂದು ಲೆಕ್ಕದ ಜತೆಗಿನ ಗುದ್ದಾಟ.

ನಾಸಾದಲ್ಲಿ ಎಂಜಿನಿಯರ್ ಆಗಿದ್ದ ನೀಲ್ ಸೈಕಿ 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ ಝೀರೋ ಕಂಪನಿಯ ಮೊದಮೊದಲ ಬೈಕುಗಳಲ್ಲೂ ಇದ್ದದ್ದು ಅಗ್ನಿ ಮೋಟಾರುಗಳೇ. 2013ರಲ್ಲಿ ಝೀರೋ ತನ್ನದೇ ‘ಝಡ್-ಫೋರ್ಸ್’ ತಂದಿತು. ಅದರಲ್ಲಿ ಬ್ರಷ್ ಇರಲಿಲ್ಲ. ತಾಮ್ರದ ಸುರುಳಿ ಅಲುಗದ ಹೊರಭಾಗಕ್ಕೆ ಬಂತು, ಅದರ ಬಿಸಿ ನೇರವಾಗಿ ಕವಚದ ರೆಕ್ಕೆಗಳಿಗೆ ಹರಿದು ಗಾಳಿ ಸೇರತೊಡಗಿತು. ಮುಂದಿನ ಆವೃತ್ತಿಗಳಲ್ಲಿ, ತಿರುಗುವ ರೋಟರಿನ ಆಯಸ್ಕಾಂತಗಳನ್ನು ಮೇಲ್ಮೈಗೆ ಅಂಟಿಸುವ ಬದಲು ಉಕ್ಕಿನ ಒಳಗೇ ಹುದುಗಿಸಿದರು. ಜೋರಾಗಿ ತಿರುಗಿದಾಗಲೂ ಅವು ಕಿತ್ತು ಬರುವ ಭಯ ಕಡಿಮೆ. ಜತೆಗೆ ಉಕ್ಕು ಕಾಂತಕ್ಷೇತ್ರದ ಕಡೆ ತಿರುಗಲು ಹವಣಿಸುವುದರಿಂದ ಒಂದಷ್ಟು ಹೆಚ್ಚುವರಿ ಟಾರ್ಕ್ ಕೂಡ ದಕ್ಕುತ್ತದೆ. ನೀರಿಲ್ಲ, ಪಂಪಿಲ್ಲ, ಸೋರುವುದೇನೂ ಇಲ್ಲ. ತಣಿಸುವ ಬಗೆ ಬೇರೆಯಾದರೂ, ಇಂದಿನ ಹೆಚ್ಚಿನ ದುಬಾರಿ ಬೈಕುಗಳ ಮೋಟಾರ್ ಈ ವಂಶದ್ದೇ.

ಅದೇ 2013ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ಓಟದಲ್ಲಿ ಕಾರ್ಲಿನ್ ಡನ್ ಲೈಟ್ನಿಂಗ್ ಕಂಪನಿಯ ಎಲೆಕ್ಟ್ರಿಕ್ ಬೈಕ್ ಏರಿ, ಪೆಟ್ರೋಲ್ ಬೈಕುಗಳನ್ನೆಲ್ಲ 20 ಸೆಕೆಂಡಿಗೂ ಹೆಚ್ಚು ಅಂತರದಲ್ಲಿ ಹಿಂದೆ ಹಾಕಿದರು. 4,300 ಮೀಟರ್ ಎತ್ತರದ ತೆಳುಗಾಳಿಯಲ್ಲಿ ಎಂಜಿನ್ ಏದುಸಿರು ಬಿಡುತ್ತದೆ. ಉಸಿರಾಡುವ ಅಗತ್ಯವೇ ಇಲ್ಲದ ಮೋಟಾರಿಗೆ ಆ ಕಷ್ಟವಿಲ್ಲ. ಟಿಟಿಯಲ್ಲೂ ಅಂತರ ಕರಗುತ್ತ ಹೋಯಿತು. 2012ರಲ್ಲಿ ಮೈಕಲ್ ರಟರ್ ಮೊದಲ ಬಾರಿಗೆ ಗಂಟೆಗೆ 100 ಮೈಲಿಯ ಸರಾಸರಿ ದಾಟಿದರು. 2019ರಲ್ಲಿ ಜಪಾನಿನ ಮುಗೆನ್ ಬೈಕಿನ ಮೇಲೆ ಅವರದೇ ಸರಾಸರಿ ಸುಮಾರು 196 ಕಿ.ಮೀ.ಗೆ ಏರಿತು. ಹತ್ತು ವರ್ಷದಲ್ಲಿ 56 ಕಿ.ಮೀ. ಏರಿಕೆ ಸಣ್ಣ ಸಾಧನೆಯೇನಲ್ಲ.

ರೇಸ್ ಗೆದ್ದಷ್ಟು ಸುಲಭವಾಗಿ ಗಿರಾಕಿಯನ್ನು ಗೆಲ್ಲಲಾಗಲಿಲ್ಲ. ಹಾರ್ಲೆ-ಡೇವಿಡ್‌ಸನ್ 2019ರಲ್ಲಿ ತಂದ ಲೈವ್‌ವೈರ್‌ಗೆ 29,799 ಡಾಲರ್ ಬೆಲೆ ಕಟ್ಟಿತು. ನೀರಿನಿಂದ ತಣಿಸುವ ಅದರ ಮೋಟಾರನ್ನು ಬೈಕಿನ ಉದ್ದಕ್ಕೆ ಕೂರಿಸಿ, ಶಕ್ತಿಯನ್ನು ಬೆವೆಲ್ ಗೇರಿನ ಮೂಲಕ ತಿರುಗಿಸಿದರು. ಬೈಕಿನ ಶಬ್ದ ಹುಟ್ಟುವುದೇ ಆ ಗೇರಿನ ಹಲ್ಲುಗಳಿಂದ. ಯಂತ್ರ ಚೆಂದವಿತ್ತು, ಬೆಲೆ ಎಟುಕಲಿಲ್ಲ. ಎರಡೇ ವರ್ಷದಲ್ಲಿ ಅದೇ ಬೈಕನ್ನು ಲೈವ್‌ವೈರ್ ಒನ್ ಎಂದು 21,999 ಡಾಲರಿಗೆ ಮಾರಬೇಕಾಯಿತು.

ಬ್ರೋಷರ್ ಹಿಡಿದು ಬೈಕ್ ತೂಗಿ ನೋಡುವವರು ಎರಡು ಕಡೆ ಎಚ್ಚರವಾಗಿರಬೇಕು. ಒಂದು, ಟಾರ್ಕ್. ಫಿನ್ಲೆಂಡಿನ ವರ್ಜ್ ಕಂಪನಿಯ ಬೈಕಿನ ಹಿಂಚಕ್ರಕ್ಕೆ ನಡುಗುಂಬವೇ ಇಲ್ಲ, ಚಕ್ರದ ಅಂಚೇ ಮೋಟಾರ್. ಅದರ ಟಾರ್ಕ್ 1,000 ನ್ಯೂಟನ್ ಮೀಟರ್ ಎನ್ನುತ್ತದೆ ಕಂಪನಿ. ಝೀರೋ ಎಸ್‌ಆರ್/ಎಫ್‌ನ ಮೋಟಾರಿನದು 190. ಹಾಗೆಂದು ವರ್ಜ್ ಐದು ಪಟ್ಟು ಬಲಶಾಲಿಯಲ್ಲ. ಝೀರೋದ ಮುಂದಿನ ಪುಲ್ಲಿಗೆ 20 ಹಲ್ಲು, ಹಿಂದಿನದಕ್ಕೆ 90. ಬೆಲ್ಟ್ ದಾಟಿ ಚಕ್ರ ಮುಟ್ಟುವ ಹೊತ್ತಿಗೆ 190 ನಾಲ್ಕೂವರೆ ಪಟ್ಟಾಗಿ 855 ಆಗಿರುತ್ತದೆ. ವರ್ಜ್‌ಗೆ ಗೇರಿನ ಗುಣಾಕಾರವಿಲ್ಲ, ಸಿಕ್ಕಿದ್ದೇ ಅಷ್ಟು. ಮೇಲಾಗಿ ಮೋಟಾರಿನ ಭಾರವೆಲ್ಲ ಸಸ್ಪೆನ್ಷನ್ನಿನ ಕೆಳಗೆ, ಚಕ್ರದಲ್ಲೇ ಕೂರುತ್ತದೆ. ಹಳ್ಳದಿಣ್ಣೆಯ ರಸ್ತೆಯಲ್ಲಿ ಅದು ಹೊರೆಯೇ.

ಇನ್ನೊಂದು, ಪವರ್. ಇದೇ ಎಸ್‌ಆರ್/ಎಫ್ 110 ಅಶ್ವಶಕ್ತಿಯ ಬೈಕ್ ಎಂದು ಹೆಸರಾಗಿದ್ದು. ಆದರೆ ಬಿಸಿಯೇರದೆ ಎಡೆಬಿಡದೆ ಕೊಡಬಲ್ಲದ್ದು 54. ಇದರಲ್ಲಿ ಮೋಸವೇನಿಲ್ಲ. ಓವರ್‌ಟೇಕ್ ಮಾಡಲು ಬೇಕಾಗುವುದು ಕೆಲವೇ ಸೆಕೆಂಡಿನ ಬಲ. ಆದರೆ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ ಎರಡನೆಯ ಅಂಕಿಯೇ ಮುಖ್ಯ. ಮಾರುವವರು ಅದನ್ನು ಮೊದಲ ಅಂಕಿಯಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕು.

ಬಿಸಿಯ ಲೆಕ್ಕವನ್ನು ಚೆನ್ನಾಗಿ ಬಿಡಿಸಿದ್ದು ಡುಕಾಟಿಯ ವಿ21ಎಲ್. 2023ರಿಂದ ಎಲೆಕ್ಟ್ರಿಕ್ ಬೈಕುಗಳ ಮೋಟೋ-ಇ ಪಂದ್ಯಾವಳಿಗೆ ಬೈಕ್ ಒದಗಿಸಿದ ಡುಕಾಟಿ, ವೋಲ್ಟೇಜನ್ನು ಸುಮಾರು 800ಕ್ಕೆ ಏರಿಸಿತು. ವೋಲ್ಟೇಜ್ ಏರಿದರೆ ಅಷ್ಟೇ ಶಕ್ತಿಗೆ ಕಡಿಮೆ ಕರೆಂಟು ಸಾಕು. 21 ಕೆ.ಜಿ.ಯ ಪುಟ್ಟ ಮೋಟಾರು ನಿಮಿಷಕ್ಕೆ 18,000 ಸುತ್ತು ತಿರುಗಿ 150 ಅಶ್ವಶಕ್ತಿ ಕೊಟ್ಟಿತು. ಬ್ಯಾಟರಿಗೊಂದು, ಮೋಟಾರು-ಇನ್ವರ್ಟರಿಗೊಂದು ಪ್ರತ್ಯೇಕ ತಣಿಸುವ ವ್ಯವಸ್ಥೆ ಇತ್ತು. ಓಟ ಮುಗಿದ ಮೇಲೆ ತಣ್ಣಗಾಗಲೆಂದು ಕಾಯದೆ ನೇರವಾಗಿ ಚಾರ್ಜಿಗೆ ಹಾಕಬಹುದಿತ್ತು. ತೊಂದರೆ ಇದ್ದದ್ದು ಬೇರೆ ಕಡೆ: 225 ಕೆ.ಜಿ. ಬೈಕಿನಲ್ಲಿ 110 ಕೆ.ಜಿ. ಬ್ಯಾಟರಿಯದೇ. ಮೋಟಾರ್ ಎಷ್ಟೇ ಪಳಗಿದರೂ ಈ ತೂಕ, ಈ ಖರ್ಚು ಇಳಿಯದೆ ವ್ಯಾಪಾರ ನೆಲೆ ನಿಲ್ಲುವುದಿಲ್ಲ. ಡುಕಾಟಿಗಿಂತ ಮೊದಲು ಈ ಪಂದ್ಯಾವಳಿಗೆ ಬೈಕ್ ಕೊಡುತ್ತಿದ್ದ ಇಟಲಿಯ ಎನರ್ಜಿಕಾ 2024ರಲ್ಲಿ ದಿವಾಳಿಯಾಯಿತು. 2025ರ ಋತುವಿನ ನಂತರ ಮೋಟೋ-ಇ ಕೂಡ ನಿಂತಿತು.

ಬೆಂಗಳೂರಿನ ಅಲ್ಟ್ರಾವಯಲೆಟ್ ಹಿಡಿದ ದಾರಿ ಬೇರೆ. ನಾರಾಯಣ್ ಸುಬ್ರಮಣ್ಯಂ ಮತ್ತು ನೀರಜ್ ರಾಜಮೋಹನ್ ಕಟ್ಟಿದ ಈ ಕಂಪನಿ 2022ರಲ್ಲಿ ಎಫ್77 ಮಾರಾಟಕ್ಕೆ ಇಟ್ಟಾಗ ಬೆಲೆ ₹3.8 ಲಕ್ಷದಿಂದ ಶುರುವಾಗುತ್ತಿತ್ತು. 2024ರ ಮ್ಯಾಕ್ 2 ಆವೃತ್ತಿಯ ಆರಂಭಿಕ ಬೆಲೆ ₹2.99 ಲಕ್ಷಕ್ಕೆ ಇಳಿಯಿತು. ಅದರ ಮೇಲ್ದರ್ಜೆಯ ಮಾದರಿಯಲ್ಲಿ 30 ಕಿಲೋವಾಟ್ ಮೋಟಾರ್, 10.3 ಕಿಲೋವಾಟ್-ಅವರ್ ಬ್ಯಾಟರಿ, ಗಂಟೆಗೆ 155 ಕಿ.ಮೀ. ಗರಿಷ್ಠ ವೇಗ. ಡುಕಾಟಿಯ ಎದುರು ಇದು ಸಾಧಾರಣ ಅಂಕಿ. ಆದರೆ ನಮ್ಮ ರಸ್ತೆ, ನಮ್ಮ ಬಿಸಿಲು, ನಮ್ಮ ಜೇಬಿಗೆ ಹೊಂದುವ ಅಳತೆ ಇದು. ಅಶ್ವಶಕ್ತಿಯ ಹಿಂದೆ ಬೀಳದೆ ಈ ಅಳತೆ ಆರಿಸಿಕೊಂಡದ್ದೇ ಜಾಣತನ.

ಈಗಿನ ಚಿಂತೆ ಆಯಸ್ಕಾಂತದ್ದು. 2025ರ ಏಪ್ರಿಲ್‌ನಲ್ಲಿ ಚೀನಾ ಡಿಸ್ಪ್ರೋಸಿಯಂ, ಟರ್ಬಿಯಂ ಸೇರಿದಂತೆ ಏಳು ವಿರಳ ಲೋಹಗಳ ಮತ್ತು ಅವುಗಳಿಂದಾದ ಆಯಸ್ಕಾಂತಗಳ ರಫ್ತಿಗೆ ಬಿಗಿ ಕಟ್ಟಳೆ ಹಾಕಿತು. ನಿಯೋಡೈಮಿಯಂ ಆಯಸ್ಕಾಂತಕ್ಕೆ ಡಿಸ್ಪ್ರೋಸಿಯಂ ಬೆರೆಸುವುದು ಬಿಸಿಯಲ್ಲೂ ಅದು ಬಲ ಕಳೆದುಕೊಳ್ಳದಿರಲೆಂದು. ರೋಟರನ್ನು ತಣ್ಣಗಿಟ್ಟಷ್ಟೂ ಆ ಬೆರಕೆಯ ಅಗತ್ಯ ತಗ್ಗುತ್ತದೆ. ಬೆಂಗಳೂರಿನ ಸಿಂಪಲ್ ಎನರ್ಜಿ, ಡಿಸ್ಪ್ರೋಸಿಯಂನಂಥ ಭಾರ ವಿರಳ ಲೋಹಗಳಿಲ್ಲದ ಮೋಟಾರ್ ತಯಾರಿಸುತ್ತಿರುವುದಾಗಿ ಪ್ರಕಟಿಸಿದೆ. ಓಲಾ ಫೆರೈಟ್ ಆಯಸ್ಕಾಂತದತ್ತ ಹೊರಳಿದೆ. ನಗರದ ಮತ್ತೊಂದು ಕಂಪನಿ ಚಾರಾ ಟೆಕ್ನಾಲಜೀಸ್, ವಿರಳ ಲೋಹದ ಗೊಡವೆಯೇ ಬೇಡವೆಂದು, ಆಯಸ್ಕಾಂತವಿಲ್ಲದೆ ಉಕ್ಕಿನ ಸೆಳೆತದಿಂದಲೇ ತಿರುಗುವ ರಿಲಕ್ಟೆನ್ಸ್ ಮೋಟಾರುಗಳನ್ನು ಕಟ್ಟುತ್ತಿದೆ. ಫೆರೈಟ್ ಅಗ್ಗ, ಆದರೆ ಬಲ ಕಡಿಮೆ. ಅಷ್ಟೇ ಟಾರ್ಕಿಗೆ ಮೋಟಾರ್ ದೊಡ್ಡದಾಗಬೇಕು. ರಿಲಕ್ಟೆನ್ಸ್ ಮೋಟಾರಿನಲ್ಲಿ ಟಾರ್ಕ್ ಏರಿಳಿಯುವ ಗುಣವಿದೆ, ಅದನ್ನು ಕಂಟ್ರೋಲರಿನ ಸಾಫ್ಟ್‌ವೇರ್ ಸಮಮಾಡಬೇಕು. ಸ್ಕೂಟರಿನಲ್ಲಿ ಇವೆರಡಕ್ಕೂ ಒಂದಷ್ಟು ಅವಕಾಶ ಮಾಡಿಕೊಡಬಹುದು. ದುಬಾರಿ ಬೈಕಿನ ಸವಾರ ಮಾತ್ರ ಥ್ರಾಟಲ್‌ನ ಸಣ್ಣ ನಡುಕವನ್ನೂ ಗುರುತಿಸುತ್ತಾನೆ. ಮೇಲಾಗಿ ಬ್ಯಾಟರಿಗೂ ಹಿಂಚಕ್ರಕ್ಕೂ ನಡುವೆ ಮೋಟಾರಿಗೆ ಉಳಿಯುವ ಜಾಗ ಗೇಣುದ್ದದ್ದು. ಈ ವಿನ್ಯಾಸಗಳು ಅಲ್ಲಿ ಕೂರುವಷ್ಟು ಚಿಕ್ಕದಾಗುವ ತನಕ, ಮೇಲ್ದರ್ಜೆಯ ಬೈಕುಗಳು ನಿಯೋಡೈಮಿಯಂ ಆಯಸ್ಕಾಂತವನ್ನೇ ನೆಚ್ಚಿಕೊಂಡಿರಬೇಕಾಗುತ್ತದೆ.