ರಿಟರ್ನ್ ಪಂಪ್ (ಮನೆಯ ಹವಳದ ತೊಟ್ಟಿ)

ಹವಳ ಸಾಕುವ ಸಮುದ್ರನೀರಿನ ಅಕ್ವೇರಿಯಂನಲ್ಲಿ ಕೆಳಗಿನ ಸಂಪಿಗೆ ಇಳಿದ ನೀರನ್ನು ಮತ್ತೆ ತೊಟ್ಟಿಗೆ ಏರಿಸುವ ಪಂಪು. ಗಾಜಿನ ತೊಟ್ಟಿಯ ಅಂಚಿನಿಂದ ಉಕ್ಕಿದ ನೀರು ಪೈಪಿನಲ್ಲಿ ತಾನಾಗಿ ಇಳಿಯುತ್ತದೆ. ಸಂಪಿನಲ್ಲಿ ಪ್ರೊಟೀನ್ ಸ್ಕಿಮ್ಮರ್ (ಕೊಳೆಯನ್ನು ನೊರೆಯೊಡನೆ ತೆಗೆಯುವ ಸಾಧನ) ಮತ್ತು ಹೀಟರ್‌ಗಳನ್ನು ದಾಟಿದ ಮೇಲೆ ಈ ಪಂಪು ಅದನ್ನು ಮೇಲೆತ್ತುತ್ತದೆ. ಬೆಂಗಳೂರಿನ ಮನೆಗಳಲ್ಲಿ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೇರಿಸುವ ಮೋಟರಿನದೂ ಇದೇ ಕೆಲಸ. ಆದರೆ ಆ ಮೋಟರನ್ನು ಇಲ್ಲಿ ತಂದಿಡುವಂತಿಲ್ಲ. ಅದರ ಬೀಡುಕಬ್ಬಿಣ ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯ ಭಾಗಗಳಿಂದ ಕರಗುವ ತಾಮ್ರ ಹವಳ, ಸೀಗಡಿಗಳಿಗೆ ವಿಷ.

ಇತಿಹಾಸ

ಮನೆಯಲ್ಲಿ ಹವಳ ಸಾಕಿದ ಮೊದಲಿಗರಿಗೆ ಈ ಪಂಪು ಬೇಕಿರಲಿಲ್ಲ. ಇಂಡೋನೇಷ್ಯಾದ ಲೀ ಚಿನ್ ಎಂಗ್ 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ವಿವರಿಸಿದ ಪದ್ಧತಿಯಲ್ಲಿ ಜೀವಂತ ಬಂಡೆ (ಜೀವಿಗಳು ನೆಲೆಸಿದ ಸಮುದ್ರದ ಕಲ್ಲು), ಬಿಸಿಲು ಮತ್ತು ಗಾಳಿಗುಳ್ಳೆಗಳಷ್ಟೇ ಇದ್ದವು. 1986ರಲ್ಲಿ ಜಾರ್ಜ್ ಸ್ಮಿಟ್ ಬರೆದ ಲೇಖನಮಾಲೆಯಿಂದ ತೊಟ್ಟಿಯ ಕೆಳಗೆ ಸೋಸುಪೆಟ್ಟಿಗೆ ಇಡುವ ವಿಧಾನ ಅಮೆರಿಕದಲ್ಲಿ ಜನಪ್ರಿಯವಾಯಿತು. ನೀರನ್ನು ಕೆಳಗಿಳಿಸಿದ ಮೇಲೆ ಏರಿಸಲೇಬೇಕಾಯಿತು.

ಮುಂದಿನ ಒಂದೂವರೆ ದಶಕ ಈ ಪಂಪಿನ ಹೆಗಲಿಗೆ ಎರಡು ಹೊರೆ ಬಿದ್ದವು: ನೀರೆತ್ತುವುದು, ತೊಟ್ಟಿಯೊಳಗೆ ಅಲೆ ಎಬ್ಬಿಸುವುದು. ಗಂಟೆಗೆ ತೊಟ್ಟಿಯ ಹತ್ತಿಪ್ಪತ್ತು ಪಟ್ಟು ನೀರು ತಿರುಗಬೇಕೆಂಬ ಸಲಹೆ ಆ ಕಾಲದ್ದು. 2000ದ ನಂತರ ಜರ್ಮನಿಯ ಟುನ್ಜೆ ಕಂಪನಿಯ 'ಸ್ಟ್ರೀಮ್'ನಂಥ, ತೊಟ್ಟಿಯೊಳಗೇ ಕೂರಿಸುವ ಪ್ರೊಪೆಲರ್ ಪಂಪುಗಳು ಬಂದು ಅಲೆಯ ಕೆಲಸವನ್ನು ಕಡಿಮೆ ಕರೆಂಟಿನಲ್ಲಿ ವಹಿಸಿಕೊಂಡವು. ಈಗ ರಿಟರ್ನ್ ಪಂಪಿಗೆ ಗಂಟೆಗೆ ಮೂರರಿಂದ ಐದು ಪಟ್ಟು ಸಾಮಾನ್ಯವಾಗಿ ಸಾಕು. ಹಳೆಯ ಸಲಹೆ ಮಾತ್ರ ಅಂಗಡಿಗಳಲ್ಲಿ ಇನ್ನೂ ಚಾಲ್ತಿಯಲ್ಲಿದೆ.

ಹೆಡ್ ಮತ್ತು ಪೈಪು

ಪಂಪಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಲೀಟರಿನ ಲೆಕ್ಕ, ನೀರನ್ನು ಒಂದಿಂಚೂ ಮೇಲೆತ್ತದೆ ಹರಿಸಿದಾಗಿನದು. ಪಕ್ಕದಲ್ಲಿರುವ ಗರಿಷ್ಠ ಎತ್ತರವಾದರೋ, ಹನಿ ನೀರೂ ಹೊರಬೀಳದೆ ನಿಲ್ಲುವ ಎತ್ತರ. ಪಂಪು ದುಡಿಯುವುದು ಇವೆರಡರ ನಡುವೆ ಎಲ್ಲೋ ಒಂದೆಡೆ. ಆ ಜಾಗವನ್ನು ಗೊತ್ತುಮಾಡುವುದರಲ್ಲಿ ಪಂಪಿನಷ್ಟೇ ಪಾಲು ಪೈಪಿನದು. ಬೋರ್‌ವೆಲ್ ಪಂಪುಸೆಟ್ಟು ಕೊಳ್ಳುವ ರೈತ ಮೊದಲು 'ಹೆಡ್ ಎಷ್ಟು', ಅಂದರೆ ನೀರನ್ನು ಎಷ್ಟು ಎತ್ತರಕ್ಕೆ ಏರಿಸಬೇಕು, ಎಂದು ಕೇಳುತ್ತಾನೆ. ಅಕ್ವೇರಿಯಂ ಹವ್ಯಾಸಿಗೂ ಅದೇ ಮೊದಲ ಪ್ರಶ್ನೆಯಾಗಬೇಕು.

120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 55 ಸೆಂ.ಮೀ. ಎತ್ತರದ ತೊಟ್ಟಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಸುಮಾರು 400 ಲೀಟರ್ ನೀರು. ಐದು ಪಟ್ಟೆಂದರೆ ಗಂಟೆಗೆ 2,000 ಲೀಟರ್. ಎತ್ತರವನ್ನು ಅಳೆಯಬೇಕಾದ್ದು ಸಂಪಿನ ನೀರಿನ ಮಟ್ಟದಿಂದ ತೊಟ್ಟಿಯ ನೀರಿನ ಮಟ್ಟಕ್ಕೆ. ಪಂಪು ಸಂಪಿನಲ್ಲಿ ಎಷ್ಟು ಆಳದಲ್ಲಿ ಕೂತಿದೆ ಎಂಬುದು ಈ ಲೆಕ್ಕಕ್ಕೆ ಬಾರದು. ಆ ಎತ್ತರ 1.4 ಮೀಟರ್ ಎಂದಿಟ್ಟುಕೊಂಡು, ಎರಡು ಮೀಟರ್ ಪೈಪು, ನಾಲ್ಕು ಎಲ್ಬೋ ಸೇರಿಸಿದರೆ ಲೆಕ್ಕ ಹೀಗೆ: ಪೈಪಿನ ಒಳವ್ಯಾಸ 20 ಮಿ.ಮೀ. ಇದ್ದರೆ ಘರ್ಷಣೆಯೊಂದೇ ಸುಮಾರು 1.1 ಮೀಟರ್ ಎತ್ತರಕ್ಕೆ ಸಮನಾದ ಶಕ್ತಿಯನ್ನು ನುಂಗುತ್ತದೆ. 25 ಮಿ.ಮೀ. ಇದ್ದರೆ ಅದು ಅರ್ಧ ಮೀಟರಿಗಿಂತ ಕಡಿಮೆ. ಹರಿವು ಅಷ್ಟೇ ಇದ್ದಾಗ ನೇರ ಪೈಪಿನ ನಷ್ಟ ವ್ಯಾಸದ ಹೆಚ್ಚೂಕಡಿಮೆ ಐದನೆಯ ಘಾತಕ್ಕೆ ವಿಲೋಮವಾಗಿರುವುದರಿಂದ ಐದು ಮಿಲಿಮೀಟರಿಗೆ ಇಷ್ಟೊಂದು ಬೆಲೆ. ಇನ್ನೊಂದು ಎಚ್ಚರಿಕೆ: ಅಂಗಡಿಯವರು ಹೇಳುವ ಅಳತೆ ಹೊರವ್ಯಾಸದ್ದಾಗಿರಬಹುದು.

ದಪ್ಪ ಪೈಪಿನ ಈ ತೊಟ್ಟಿಯಲ್ಲಿ ನೀರಿಗೆ ನಿಜವಾಗಿ ಬೇಕಾದ ಶಕ್ತಿ ಸುಮಾರು 10 ವಾಟ್. ಸಣ್ಣ ಪಂಪುಗಳು ಅದರ ಹಲವು ಪಟ್ಟು ಎಳೆಯುತ್ತವೆ, ಮಿಕ್ಕದ್ದು ಶಾಖವಾಗುತ್ತದೆ. ನೀರೊಳಗೆ ಮುಳುಗಿಸಿದ 100 ವಾಟಿನ ಪಂಪು 400 ಲೀಟರ್ ನೀರನ್ನು, ಹೊರಗೆ ಶಾಖ ಸೋರದಿದ್ದರೆ, ಗಂಟೆಗೆ 0.2 ಡಿಗ್ರಿಯಷ್ಟು ಬಿಸಿಮಾಡಬಲ್ಲದು. ಮಂಗಳೂರಿನ ಏಪ್ರಿಲ್‌ನಲ್ಲಿ ಇದು ಚಿಲ್ಲರ್ ಬಿಲ್ಲಿಗೆ ಸೇರುವ ಖರ್ಚು. ಅನಿಶ್ಚಯಕ್ಕೆ ಹೆದರಿ ಒಂದು ಅಳತೆ ದೊಡ್ಡ ಪಂಪು ಕೊಂಡು, ಆಮೇಲೆ ವಾಲ್ವ್ ತಿರುಗಿಸಿ ಅದರ ಕತ್ತು ಹಿಸುಕುವ ರೂಢಿಗಿಂತ ಪೈಪು ದಪ್ಪಮಾಡುವುದು ಅಗ್ಗ.

ಅಮೆರಿಕದ ಕೋಷ್ಟಕಗಳನ್ನು ನಂಬುವವರು ಮರೆಯುವ ಸಂಗತಿಯೊಂದಿದೆ. ಎ.ಸಿ. ಸಿಂಕ್ರೊನಸ್ ಪಂಪು ಕರೆಂಟಿನ ಆವರ್ತನಕ್ಕೆ ತಕ್ಕಂತೆ ತಿರುಗುತ್ತದೆ: ಅಲ್ಲಿನ 60 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 3,600 ಸುತ್ತು, ನಮ್ಮ 50 ಹರ್ಟ್ಸ್‌ನಲ್ಲಿ 3,000. ಇಂಪೆಲರ್ (ನೀರು ತಳ್ಳುವ ಚಕ್ರ) ಅದೇ ಆಗಿದ್ದರೆ ಹರಿವು ಸುಮಾರು ಶೇ. 17, ಹೆಡ್ ಶೇ. 30ರಷ್ಟು ಕುಗ್ಗುತ್ತದೆ.

ಬಗೆಗಳು

ಜರ್ಮನಿಯ ಎಹೈಮ್ ಕಂಪನಿಯದಂಥ ಎ.ಸಿ. ಪಂಪುಗಳ ಗುಣ ಸರಳತೆ: ಆಯಸ್ಕಾಂತ, ಸೆರಾಮಿಕ್ ಶಾಫ್ಟು, ಇಂಪೆಲರ್. ಡಿ.ಸಿ. ಪಂಪಿನ ವೇಗವನ್ನು ಬೇಕಾದಷ್ಟಕ್ಕೆ ಇಳಿಸಬಹುದು, ಮೀನಿಗೆ ಆಹಾರ ಹಾಕುವಾಗ ಹತ್ತು ನಿಮಿಷ ನಿಲ್ಲಿಸಬಹುದು. ಆದರೆ ಕಂಟ್ರೋಲರ್ ಕೈಕೊಟ್ಟರೆ ಪಂಪೂ ನಿಂತಂತೆ. ಇಷ್ಟಾದರೂ ಹೊಸದಾಗಿ ಕೊಳ್ಳುವವರಿಗೆ ಡಿ.ಸಿ.ಯೇ ಮೇಲೆನ್ನಬಹುದು. ಸಂಪಿನ ಹೊರಗಿಡುವ ಪಂಪುಗಳು ದೊಡ್ಡ ತೊಟ್ಟಿಗಳಿಗೆ ಸಲ್ಲುತ್ತವೆ.

ಕರೆಂಟು ಹೋದಾಗ

ಪಂಪು ನಿಂತ ಕ್ಷಣ ಮೇಲಿನ ನೀರು ಅದೇ ಪೈಪಿನಲ್ಲಿ ಸೈಫನ್ ಆಗಿ ಹಿಂದಿರುಗುತ್ತದೆ. ಮೇಲಿನ ಉದಾಹರಣೆಯ ತೊಟ್ಟಿಯಲ್ಲಿ ಪ್ರತಿ ಸೆಂಟಿಮೀಟರಿಗೆ 7.2 ಲೀಟರ್. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಐದು ಸೆಂ.ಮೀ. ಕೆಳಗಿದ್ದರೆ 36 ಲೀಟರ್ ನೀರು ಸಂಪಿಗೆ, ಅಲ್ಲಿ ಜಾಗವಿಲ್ಲದಿದ್ದರೆ ಹಾಲಿನ ನೆಲಕ್ಕೆ. ನಾನ್‌ರಿಟರ್ನ್ ವಾಲ್ವನ್ನೇ ನೆಚ್ಚಿಕೊಳ್ಳುವುದು ತಪ್ಪು. ಸುಣ್ಣದ ಕೊಳವೆ ಕಟ್ಟುವ ಹುಳುಗಳು ಅದರ ಬಾಗಿಲು ಮುಚ್ಚಲು ಬಿಡುವುದಿಲ್ಲ. ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಪೈಪಿಗೆ ಸಣ್ಣ ತೂತು ಕೊರೆದರೆ ಅಲ್ಲಿಂದ ಗಾಳಿ ಹೊಕ್ಕು ಸೈಫನ್ ಮುರಿಯುತ್ತದೆ, ಆದರೆ ಪಾಚಿ ಕಟ್ಟದಂತೆ ತೂತನ್ನು ಆಗಾಗ ಬಿಡಿಸುತ್ತಿರಬೇಕು. ಸ್ಕ್ವೇರ್‌ವೇವ್ ಇನ್ವರ್ಟರಿನಲ್ಲಿ ಎ.ಸಿ. ಪಂಪುಗಳು ಗುಂಯ್ಗುಡುತ್ತ ಬಿಸಿಯೇರುವುದುಂಟು.

ಇಂಪೆಲರಿನ ಸುತ್ತ ಸುಣ್ಣ ಕಟ್ಟುವುದರಿಂದ ಕೆಲವು ತಿಂಗಳಿಗೊಮ್ಮೆ ಪಂಪನ್ನು ಬಿಚ್ಚಿ ವಿನೆಗರಿನಲ್ಲಿ ನೆನೆಸಬೇಕು. ಸದಾ ಓಡುತ್ತಿದ್ದ ಪಂಪು ಕರೆಂಟು ಬಂದ ಮೇಲೆ ಮತ್ತೆ ಎದ್ದೇಳದಿರಲು ಈ ಸುಣ್ಣವೂ ಒಂದು ಕಾರಣ. ಹೊಸ ತೊಟ್ಟಿಗೆ ಉಪ್ಪು ಬೆರೆಸುವ ಮುಂಚೆ ಸಿಹಿನೀರಿನಲ್ಲೇ ಒಮ್ಮೆ ಪಂಪು ಓಡಿಸಿ, ಸ್ವಿಚ್ ಆರಿಸಿ, ಸಂಪಿನಲ್ಲಿ ನೀರು ಏರಿ ನಿಂತ ಜಾಗಕ್ಕೆ ಗೆರೆ ಎಳೆದಿಟ್ಟುಕೊಳ್ಳಬೇಕು.